ಬೀಸಬಾರದ ಗೋಧಿ

ನಮ್ಮ ಅಡುಗೆಮನೆಯ ಕಟ್ಟೆಯ ಕೆಳಗೆ, ಅಕ್ಕಿಯ ಡಬ್ಬಿಗೂ ಗ್ಯಾಸ್ ಸಿಲಿಂಡರಿಗೂ ನಡುವೆ, ಸ್ಟೀಲಿನ ಇನ್ನೊಂದು ಡಬ್ಬಿಯಿದೆ. ಅದರಲ್ಲಿ ಗೋಧಿಯಿದೆ. ಆ ಗೋಧಿಯನ್ನು ಯಾರೂ ಬೀಸಿಸಕೂಡದು, ತೊಳೆಯಕೂಡದು, ಪಾರಿವಾಳಕ್ಕೆಂದು ಒಂದು ಹಿಡಿಯನ್ನೂ ತೆಗೆಯಕೂಡದು ಎಂದು ನಾನು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೇನೆ. ಮೊನ್ನೆ ಮಗಳು ಶ್ರಾವ್ಯಾ ಮುಚ್ಚಳ ತೆಗೆದು ಮೂಗು ಮುರಿದಳು. “ಅಮ್ಮಾ, ಇದು ಕ್ಯಾ ಮ್ಯೂಸಿಯಂ ಪೀಸಾ? ಹುಳ ಬೀಳ್ತದೆ ನಾ” ಎಂದಳು. ಬೇವಿನ ಎಲೆ ಹಾಕಿದ್ದೇನೆ, ಬೀಳುವುದಿಲ್ಲ ಎಂದೆ. ಅದು ಅವಳ ಪ್ರಶ್ನೆಗೆ ಉತ್ತರವಲ್ಲವೆಂದು ನನಗೂ ಗೊತ್ತು. ಕೇಳಿದ ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕೆಂದು ಜೀವಮಾನವೆಲ್ಲ ಶಾಲೆಯ ಮಕ್ಕಳ ಬೆನ್ನು ಹತ್ತಿದವಳು ನಾನು. ಮಗಳಿಗೆ ಕೊಡಲಾಗದ ಆ ಪೂರ್ಣ ಉತ್ತರವನ್ನು ನಿಮಗೆ ಕೊಡುತ್ತೇನೆ. ನೀವು ನಕ್ಕರೂ ನನಗೆ ಕಾಣಿಸುವುದಿಲ್ಲ ಎಂಬುದೊಂದು ಅನುಕೂಲ.

ನಾನು ನಮ್ಮ ಮುಂಬಯಿಯ ಕ್ರಿಕೆಟ್ ತಂಡದ ಅಭಿಮಾನಿ; ಇಪ್ಪತ್ತು ಓವರುಗಳ ಲೀಗಿನಲ್ಲಿ ಆಡುತ್ತದಲ್ಲ, ಆ ತಂಡ. ಇಲ್ಲಿ ‘ನಮ್ಮ’ ಎಂಬ ಪದವನ್ನು ಯಾವ ಆಧಾರದ ಮೇಲೆ ಬಳಸಿದೆನೆಂದು ನೀವು ಕೇಳಬಹುದು. ಸಮರ್ಪಕವಾದ ಉತ್ತರ ನನ್ನಲ್ಲಿಲ್ಲ. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಹೋದ ವರ್ಷ ನಮ್ಮ ವಿರುದ್ಧ ಸಿಕ್ಸರ್ ಹೊಡೆದು ನಮ್ಮನ್ನು ಅಳಿಸಿದವನೇ ಈ ವರ್ಷ ನಮ್ಮವನಾಗಿ ಬಂದು ಸೊನ್ನೆಗೆ ಔಟಾಗುತ್ತಾನೆ. ಅಂದು ಶಪಿಸಿದ ಬಾಯಿಂದಲೇ ಇಂದು ಹರಸಬೇಕು. ಇವರಲ್ಲಿ ಒಬ್ಬನಾದರೂ ಚೆಂಬೂರಿನಲ್ಲಿ ಲೋಕಲ್ ರೈಲು ಹತ್ತಿ ಕುರ್ಲಾದಲ್ಲಿ ಇಳಿಯಲಾರದೆ ಒದ್ದಾಡಿದವನೆಂದು ನನಗೆ ತೋರುವುದಿಲ್ಲ. ಆದರೂ ಅವರು ನೀಲಿ ಅಂಗಿ ತೊಟ್ಟು ಮೈದಾನಕ್ಕೆ ಇಳಿದ ಕೂಡಲೇ ಅವರೆಲ್ಲ ನನ್ನ ತರಗತಿಯ ಮಕ್ಕಳೆಂಬ ಭಾವನೆ ಬಂದುಬಿಡುತ್ತದೆ. ಮಕ್ಕಳು ಎಂದಮೇಲೆ ತಿದ್ದಬೇಕೆನ್ನಿಸುತ್ತದೆ. ತಿದ್ದಿದರೆ ಕೇಳುವ ಮಕ್ಕಳಲ್ಲ ಇವರು.

ಬೆಂಗಳೂರಿನಲ್ಲಿರುವ ನನ್ನ ನಾದಿನಿ ನಾವು ಸೋತ ಮರುದಿನ ಬೆಳಿಗ್ಗೆ ತಪ್ಪದೆ ಫೋನು ಮಾಡುತ್ತಾಳೆ. ಗೆದ್ದಾಗ ಅವಳಿಗೆ ನಮ್ಮ ನಂಬರು ಮರೆತಿರುತ್ತದೆ. “ಕನ್ನಡ ಟೀಚರಾಗಿ ನೀವು ಆ ಕಡೆ ಸೇರಿದ್ದು ನಂಗಿನ್ನೂ ಅರ್ಥ ಆಗಿಲ್ಲ ಅತ್ತಿಗೆ” ಎನ್ನುತ್ತಾಳೆ. ನಾನು ಭಾಂಡುಪ್‌ನ ಚಾಳಿನಲ್ಲಿ, ಅಂದರೆ ಸಾಲುಮನೆಗಳ ವಠಾರದಲ್ಲಿ, ಹುಟ್ಟಿದವಳು, ಮಾತು ಕನ್ನಡದ್ದಾದರೂ ಊರು ಇದೇ ಎಂದು ಎಷ್ಟು ಸಲ ವಿವರಿಸಿದರೂ ಅವಳು ಒಪ್ಪುವುದಿಲ್ಲ. ಒಪ್ಪಿದರೆ ಮುಂದಿನ ಸಲ ಫೋನು ಮಾಡುವುದಕ್ಕೆ ಕಾರಣವೇ ಇರುವುದಿಲ್ಲವಷ್ಟೆ.

ತಂಡದ ಮೇಲಿನ ನನ್ನ ಆಕ್ಷೇಪಗಳನ್ನೆಲ್ಲ ಹೇಳಹೊರಟರೆ ಈ ಬರಹ ಮುಗಿಯದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆಯಿಂದ ಕಾದವರಿಗೆ ಅರ್ಥ ದಕ್ಕುತ್ತದೆ. ನಮ್ಮ ತಂಡದಲ್ಲಿ ಕರ್ತೃವಿದ್ದಾನೆ, ಕರ್ಮವಿದೆ, ವಿಶೇಷಣಗಳಂತೂ ಬೇಕಾದಷ್ಟಿವೆ. ಕ್ರಿಯಾಪದ ಬರುವಷ್ಟರಲ್ಲಿ ಇಪ್ಪತ್ತು ಓವರುಗಳು ಮುಗಿದಿರುತ್ತವೆ. ಇನ್ನು ನೋಬಾಲಿನ ವಿಷಯ. ನೆಲದ ಮೇಲೆ ಬಿಳಿಯ ಬಣ್ಣದಲ್ಲಿ, ಕುರುಡರಿಗೂ ಕಾಣುವಂತೆ ಗೆರೆ ಎಳೆದಿದ್ದಾರೆ. ನನ್ನ ಶಾಲೆಯ ಮೂರನೆಯ ತರಗತಿಯ ಮಕ್ಕಳು ಅಂಚಿನ ಗೆರೆಯನ್ನು ದಾಟದೆ ಪುಟವಿಡೀ ಬರೆಯುತ್ತಿದ್ದರು. ಕೋಟಿಗಟ್ಟಲೆ ಸಂಬಳ ಪಡೆಯುವ ಈ ಬೌಲರು ಕೊನೆಯ ಓವರಿನಲ್ಲೇ ಆ ಗೆರೆಯನ್ನು ದಾಟುತ್ತಾನೆ, ದಾಟಿದ ಮೇಲೆ ಆಕಾಶವನ್ನು ನೋಡುತ್ತಾನೆ. ಆಕಾಶದಲ್ಲೇನು ಗೆರೆಯಿದೆಯೆ?

ಬೇಸತ್ತು ಒಂದು ವರ್ಷ ನಗರದ ಕಬಡ್ಡಿ ತಂಡಕ್ಕೆ ಮನಸ್ಸು ಕೊಟ್ಟು ನೋಡಿದೆ. ಅವರು ಮೊದಲರ್ಧದಲ್ಲಿ ಗೆದ್ದು ಎರಡನೆಯ ಅರ್ಧದಲ್ಲಿ ಸೋಲುತ್ತಿದ್ದರು. ಫುಟ್‌ಬಾಲಿಗೂ ಹೋದೆ. ಅಲ್ಲಿ ಗೋಲು ಹೊಡೆದು ಕುಣಿದಾದ ಮೇಲೆ ಆ ಗೋಲು ಗೋಲೇ ಅಲ್ಲ ಎಂದು ಬಾವುಟ ಎತ್ತುತ್ತಾರೆ. ಕುಣಿದದ್ದನ್ನು ಹಿಂದಕ್ಕೆ ಪಡೆಯುವುದು ನನ್ನ ವಯಸ್ಸಿನವರಿಗೆ ಕಷ್ಟ. ಮರಳಿ ಕ್ರಿಕೆಟಿಗೇ ಬಂದೆ.

ಈಗ ಮುಖ್ಯ ವಿಷಯ. ಇಷ್ಟೆಲ್ಲ ಅಭಿಮಾನವಿದ್ದೂ, ನಮ್ಮ ತಂಡ ಗೆಲ್ಲುವ ಕೊನೆಯ ಚೆಂಡನ್ನು ನಾನು ವರ್ಷಗಳಿಂದ ಕಣ್ಣಾರೆ ನೋಡಿರಲಿಲ್ಲ. ನೋಡಲು ನನ್ನ ಮನೆಯವರು ಬಿಡುತ್ತಿರಲಿಲ್ಲ. ಏಕೆಂದರೆ ನಾನು ‘ಪನೋತಿ’.

ಪನೋತಿ ಎಂದರೆ ಮುಂಬಯಿಯ ಬೀದಿಮಾತಿನಲ್ಲಿ ಅಪಶಕುನದ ಮನುಷ್ಯ. ಯಾರು ಎದುರಿಗಿದ್ದರೆ ಕೂಡಿಬಂದ ಕೆಲಸವೂ ಕೆಡುತ್ತದೆಯೋ ಅವರು. ಈ ಬಿರುದನ್ನು ನನಗೆ ದಯಪಾಲಿಸಿದವರು ಪಕ್ಕದ ಮನೆಯ ಸಾವಂತರು. ನಮ್ಮ ಟಿವಿ ದೊಡ್ಡದೆಂಬ ಕಾರಣಕ್ಕೆ ಪ್ರತಿ ಪಂದ್ಯಕ್ಕೂ ಬಂದು ಸೋಫಾದ ಎಡತುದಿಯಲ್ಲಿ ಕೂರುತ್ತಾರೆ. ಒಮ್ಮೆ ಗೆಲುವು ಕೈಯಳತೆಯಲ್ಲಿದ್ದಾಗ ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದೆ, ವಿಕೆಟ್ ಬಿತ್ತು. ಮುಂದಿನ ಪಂದ್ಯದಲ್ಲಿ ಇನ್ನೆಷ್ಟು ಬೇಕೆಂದು ಕೇಳಿದೆ, ಅಷ್ಟಕ್ಕೇ ಇನ್ನೊಂದು ಬಿತ್ತು. ಮೂರನೆಯ ಸಲ ನಾನು ಏನನ್ನೂ ಮಾಡಲಿಲ್ಲ, ಸುಮ್ಮನೆ ಕುಳಿತಿದ್ದೆ. ಸಾಲಾಗಿ ಎರಡು ಬಿದ್ದವು. ಸಾವಂತರು ಎದ್ದು ನಿಂತು ಕೈಮುಗಿದು, “ವಹಿನಿ, ಬುರಾ ಮತ್ ಮಾನೋ, ಥೋಡಾ ಬಾಹರ್ ಜಾವೋ ನಾ” ಎಂದರು. ಅತ್ತಿಗೆ ಎಂದು ಕರೆಯುತ್ತಲೇ ಮನೆಯಿಂದ ಹೊರಗೆ ಕಳಿಸುವ ಈ ಕಲೆ ಅವರಿಗೇ ಸಾಧ್ಯ. ನಾನು ನಮ್ಮವರ ಮುಖ ನೋಡಿದೆ. ಕರಾವಳಿಯ ಮನುಷ್ಯ, ರಿಫೈನರಿಯಲ್ಲಿ ಎಂಜಿನಿಯರು, ಕಾರ್ಯಕಾರಣ ಸಂಬಂಧ ಬಲ್ಲವರು. “ಹೋಗು ಮಾರಾಯ್ತಿ, ಹತ್ತು ನಿಮಿಷದ್ದು” ಎಂದರು. ಹೋದೆ. ಮೆಟ್ಟಿಲ ಮೇಲೆ ನಿಂತಿದ್ದಾಗ ಒಳಗಿನಿಂದ ಕೇಕೆ ಕೇಳಿತು. ಗೆದ್ದಿದ್ದರು. ಅಂದಿಗೆ ನನ್ನ ಕಥೆ ಮುಗಿಯಿತು.

ಇದರ ತರ್ಕವನ್ನು ನಾನು ಬಹಳ ಸಲ ಪ್ರಶ್ನಿಸಿದ್ದೇನೆ. ನಾನು ಹೊರಗಿದ್ದಾಗ ಗೆದ್ದರೆ ಅದು ನಾನು ಹೊರಗಿದ್ದುದರಿಂದ. ಹೊರಗಿದ್ದಾಗಲೂ ಸೋತರೆ ನಾನು ಬೇಗ ಹಿಂದಿರುಗಿದ್ದರಿಂದ, ಅಥವಾ ಮೆಟ್ಟಿಲ ಮೇಲೆ ಯಾರದೋ ಫೋನನ್ನು ಇಣುಕಿದ್ದರಿಂದ. ಹೇಗೆ ಬರೆದರೂ ಫೇಲಾಗುವ ಪರೀಕ್ಷೆ ಇದು. ಮರುದಿನ ಹೈಲೈಟ್ಸ್ ನೋಡಬಹುದಲ್ಲ ಎಂದು ಶ್ರಾವ್ಯಾ ಸಮಾಧಾನ ಹೇಳುತ್ತಾಳೆ. ಫಲಿತಾಂಶ ಗೊತ್ತಿದ್ದು ನೋಡುವ ಕೊನೆಯ ಚೆಂಡು ಉಪ್ಪಿಲ್ಲದ ಗಂಜಿ.

ನನಗೆ ಹೆಚ್ಚು ನೋವಾದದ್ದು ಇನ್ನೊಂದು ಕಾರಣಕ್ಕೆ. ಚಿಕ್ಕವಳಿದ್ದಾಗ ನಾನು ಚಾಳಿನ ಅದೃಷ್ಟದೇವತೆಯಾಗಿದ್ದೆ. ಆಗ ಈ ಲೀಗು ಇರಲಿಲ್ಲ. ರಾಜ್ಯ ರಾಜ್ಯಗಳ ನಡುವಿನ ಪಂದ್ಯಾವಳಿಯಲ್ಲಿ ನಮ್ಮ ನಗರದ ತಂಡ ಗೆಲ್ಲುವುದು ಗಣಪತಿ ಹಬ್ಬ ಬರುವಷ್ಟೇ ಸಹಜವಾಗಿತ್ತು. ಅಪ್ಪ ರಾತ್ರಿಪಾಳಿ ಮುಗಿಸಿ ಬಂದು, ನಿದ್ದೆ ಬಿಟ್ಟು ರೇಡಿಯೋದ ಮುಂದೆ ಕೂರುತ್ತಿದ್ದರು. ಬಾಗಿಲ ಹೊರಗೆ, ಉದ್ದನೆಯ ಪಡಸಾಲೆಯಲ್ಲಿ, ಚಾಳಿನ ಗಂಡಸರೆಲ್ಲ ಬೀಡಿ ಸೇದುತ್ತ ಕೇಳುತ್ತಿದ್ದರು. ಒಂದು ದಿನ ನಮ್ಮವರ ವಿಕೆಟುಗಳು ಸಾಲಾಗಿ ಬೀಳುತ್ತಿದ್ದಾಗ ನಾನು ನಲ್ಲಿಯಿಂದ ಕೊಡಪಾನ ತುಂಬಿಸಿಕೊಂಡು ಬಂದು ಹೊಸ್ತಿಲ ಮೇಲೆ ಒಂದು ಕಾಲಿಟ್ಟೆ. ಬೌಂಡರಿ ಹೋಯಿತು. ಅಪ್ಪ ತಲೆಯೆತ್ತದೆ, “ಅಲ್ಲೇ ನಿಲ್ಲು ಮಗಾ” ಎಂದರು. ನಿಂತೆ. ಒಂದು ಕಾಲು ಒಳಗೆ, ಒಂದು ಹೊರಗೆ, ಸೊಂಟದ ಮೇಲೆ ನೀರು. ಚಹಾ ವಿರಾಮದವರೆಗೆ ಒಂದು ವಿಕೆಟೂ ಬೀಳಲಿಲ್ಲ, ನನ್ನ ಲಂಗವೆಲ್ಲ ಒದ್ದೆಯಾಯಿತು. ಆಮೇಲೆ ಯಾರೋ ನನ್ನ ಕೈಗೆ ಬಿಸಿ ಬಟಾಟಾವಡಾ ಇಟ್ಟರು. ಅಂಥ ಹುಡುಗಿ ಬೆಳೆದು ಪನೋತಿಯಾದಳೆಂದರೆ, ಕೆಟ್ಟದ್ದು ಹುಡುಗಿಯೋ ತಂಡವೋ ಎಂಬುದನ್ನು ನೀವೇ ತೀರ್ಮಾನಿಸಿ.

ಇರಲಿ. ಸಂಜೆಯ ಪಂದ್ಯಗಳಿಗೆ ನನ್ನ ವಾಸ ಮೆಟ್ಟಿಲ ಮೇಲೆ. ರಜಾದಿನದ ಮಧ್ಯಾಹ್ನದ ಪಂದ್ಯಗಳಿಗೆ ಅಲ್ಲಿ ಜನಸಂಚಾರ ಹೆಚ್ಚು, ಎಲ್ಲರ ಕೈಯಲ್ಲೂ ಫೋನು. ಅದಕ್ಕೆ ನಮ್ಮವರು ಒಂದು ಉಪಾಯ ಕಂಡುಹಿಡಿದರು: ಹಿಟ್ಟಿನ ಗಿರಣಿ. ಹೋಗಿಬರುವುದಕ್ಕೆ, ಕಾಯುವುದಕ್ಕೆ, ಬೀಸುವುದಕ್ಕೆ ಸೇರಿ ಕೊನೆಯ ಓವರುಗಳು ಕಳೆದುಹೋಗುತ್ತವೆ. ಗಿರಣಿಯ ಸದ್ದಿನಲ್ಲಿ ಸ್ಕೋರು ಕಿವಿಗೆ ಬೀಳುವುದಿಲ್ಲ. ಮನೆಗೆ ಹಿಟ್ಟೂ ಬರುತ್ತದೆ. ಹೀಗೆ ಪಂದ್ಯ ಬಿಗಿಯಾದಾಗಲೆಲ್ಲ ನಾನು ಚೀಲ ಹಿಡಿದು ಹೊರಟೆ. ಮೊದಲು ಗೋಧಿ, ಆಮೇಲೆ ಅಕ್ಕಿ, ಜೋಳ, ಕಡಲೆಬೇಳೆ. ಒಂದು ವರ್ಷ ತಂಡ ಪ್ರತಿ ಪಂದ್ಯವನ್ನೂ ಕೊನೆಯ ಓವರಿಗೆ ಎಳೆದದ್ದರಿಂದ ನಮ್ಮ ಮನೆಯಲ್ಲಿ ಮಳೆಗಾಲ ಮುಗಿಯುವವರೆಗೂ ಚಕ್ಕುಲಿಯನ್ನೇ ತಿನ್ನಬೇಕಾಯಿತು.

ಗಿರಣಿಯ ಯಜಮಾನರು ದಸ್ತಗೀರ್ ಸಾಹೇಬರು, ವಿಜಯಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ. ಆ ಕನ್ನಡವನ್ನು ತಿದ್ದುವ ಧೈರ್ಯ ನನಗೆ ಎಂದೂ ಬಂದಿಲ್ಲ, ತಿದ್ದಬೇಕೆಂದೂ ಅನ್ನಿಸಿಲ್ಲ. ರಜಾದಿನದ ಮಧ್ಯಾಹ್ನ ಸುತ್ತಲಿನ ಗಿರಣಿಗಳೆಲ್ಲ ಮುಚ್ಚಿದ್ದರೂ ಇವರದು ಮಾತ್ರ ತೆರೆದಿರುತ್ತಿತ್ತು. ಶ್ರಮಜೀವಿ ಎಂದುಕೊಂಡಿದ್ದೆ. ನಾನು ಚೀಲದೊಂದಿಗೆ ಕಾಣಿಸಿಕೊಂಡರೆ ಅವರು ಗಡಿಯಾರ ನೋಡಿ, “ಬರ್ರಿ ಅಕ್ಕಾರ. ಮ್ಯಾಚ್ ಬಿಗಿ ಆಗೇದ ಅಂದಂಗಾತು” ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಏನೂ ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ.

ಈ ವರ್ಷ ನಮ್ಮ ತಂಡ ಎಂದಿನಂತೆ ಸೋಲಿನಿಂದಲೇ ಆರಂಭಿಸಿ, ಎಲ್ಲರೂ ಕೈಬಿಟ್ಟ ಮೇಲೆ ಗೆಲ್ಲತೊಡಗಿ, ಕೊನೆಗೆ ಎರಡೇ ಪಂದ್ಯಗಳು ಉಳಿದ ಸ್ಥಿತಿಗೆ ಬಂದು ನಿಂತಿತು. ಎರಡನ್ನೂ ಗೆದ್ದರೆ ಮುಂದಿನ ಸುತ್ತು. ಒಂದನ್ನು ಸೋತರೂ ಮನೆಗೆ. ಎರಡೂ ಭಾನುವಾರ ಮಧ್ಯಾಹ್ನದವು.

ಮೊದಲನೆಯ ಭಾನುವಾರ ರನ್ನು ಬೆನ್ನಟ್ಟುತ್ತ ಚೆನ್ನಾಗಿ ಆಡುತ್ತಿದ್ದ ನಮ್ಮ ತಂಡದವರು ಇದ್ದಕ್ಕಿದ್ದಂತೆ ಮುಗ್ಗರಿಸಿದರು. ಮೂರು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. ನಾನು ಏನೂ ಹೇಳಿಸಿಕೊಳ್ಳದೆ ಗೋಧಿಯ ಚೀಲವನ್ನು ಎತ್ತಿಕೊಂಡೆ. ಗಿರಣಿ ತೆರೆದಿತ್ತು, ಆದರೆ ಸದ್ದಿರಲಿಲ್ಲ. ದಸ್ತಗೀರ್ ಸಾಹೇಬರು ಮೈಯೆಲ್ಲ ಹಿಟ್ಟಾಗಿ ಯಂತ್ರದ ಹಿಂದೆ ಕುಳಿತಿದ್ದರು.

“ಬೆಲ್ಟ್ ಹರದದರಿ ಅಕ್ಕಾರ. ನಾಳೆ ತನಕಾ ಏನೂ ಆಗೂದಿಲ್ಲ.”

ಸದ್ದಿಲ್ಲದ ಗಿರಣಿ ಎಷ್ಟು ಅಪಾಯಕಾರಿ ಎಂಬುದು ಆಗ ತಿಳಿಯಿತು. ಗಲ್ಲಿಯ ಎರಡೂ ಬದಿಯ ಕಿಟಕಿಗಳಿಂದ ವೀಕ್ಷಕ ವಿವರಣೆ ಹರಿದುಬರುತ್ತಿತ್ತು. ನಾನು ಸೆರಗಿನಿಂದ ಕಿವಿ ಮುಚ್ಚಿಕೊಂಡೆ. ನೋಡಿದರೆ ದಸ್ತಗೀರ್ ಸಾಹೇಬರೂ ಎರಡು ಕೈಗಳಿಂದ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಾರೆ. ನನ್ನ ಅನುಭವದಲ್ಲಿ ಒಂದೇ ತಪ್ಪನ್ನು ಮಾಡಿ ಸಿಕ್ಕಿಬಿದ್ದ ಮಕ್ಕಳು ಮಾತ್ರ ಒಬ್ಬರನ್ನೊಬ್ಬರು ಹಾಗೆ ನೋಡುತ್ತಾರೆ.

ನೀವೂ ಯಾಕೆ ಎಂದು ಕೇಳಿದೆ.

ಅವರು ನಾಚಿಕೊಂಡರು. “ನನ್ನ ಮನ್ಯಾಗೂ ಇದ ಹಣೇಬಾರರಿ. ನಾ ಟಿವಿ ಮುಂದ ಕುಂತ್ರ ಔಟ್ ಆಗ್ತಾರಂತ. ನನ್ನ ಹೇಣ್ತಿ, ಮಕ್ಳು, ಅಳಿಯಾ, ಎಲ್ಲಾರೂ ಕೂಡಿ ನನ್ನ ಹೊರಗ ದಬ್ಬತಾರ. ಇಲ್ಲಾಂದ್ರ ಐತವಾರ ಮಧ್ಯಾನ ಯಾರ ಗಿರಣಿ ತಗೀತಾರ, ಹೇಳ್ರಿ?”

ಇಷ್ಟು ವರ್ಷ ಆ ಸದ್ದಿನ ಎರಡು ಬದಿಗಳಲ್ಲಿ ನಾವಿಬ್ಬರು ಗಡೀಪಾರಾದವರು ಒಬ್ಬರಿಗೊಬ್ಬರು ತಿಳಿಯದೆ ಕುಳಿತಿದ್ದೆವು. ಅವರ ಜೇಬಿನಲ್ಲಿ ಫೋನಿತ್ತು. ನಾನು ಆ ಜೇಬನ್ನು ನೋಡಿದೆ, ಅವರೂ ನೋಡಿದರು.

“ನಾವು ನೋಡಿ ಸೋತ್ರ?” ಎಂದರು.

ಋಣವನ್ನು ಋಣದಿಂದ ಗುಣಿಸಿದರೆ ಬರುವುದು ಧನ, ಇದು ಏಳನೆಯ ತರಗತಿಯ ಪಾಠ ಎಂದೆ. ನಾನು ಕಲಿಸುತ್ತಿದ್ದುದು ಕನ್ನಡವೆಂಬುದನ್ನು ಆಗ ಹೇಳಬೇಕಾದ ಅಗತ್ಯ ಕಾಣಲಿಲ್ಲ. ಅವರು ಶಟರನ್ನು ಅರ್ಧಕ್ಕೆ ಎಳೆದು, ಫೋನಿನ ಮೇಲಿನ ಹಿಟ್ಟನ್ನು ಒರೆಸಿ, ತಕ್ಕಡಿಯ ಕಲ್ಲಿಗೆ ಒರಗಿಸಿ ಇಟ್ಟರು. ನನಗೆ ಸ್ಟೂಲು ಕೊಟ್ಟು ತಾವು ಜೋಳದ ಮೂಟೆಯ ಮೇಲೆ ಕುಳಿತರು. ಗೋಧಿಯ ಚೀಲ ನನ್ನ ಮಡಿಲಲ್ಲಿತ್ತು.

ಫೋನಿನ ಚಿತ್ರ ಟಿವಿಗಿಂತ ಹಿಂದೆ ಓಡುತ್ತದೆಯೆಂದು ಆಗ ಗೊತ್ತಾಯಿತು. ನಮ್ಮ ಬೌಲರು... ಅಲ್ಲ, ಅವರ ಬೌಲರು ಇನ್ನೂ ಓಡಿಬರುತ್ತಿರುವಾಗಲೇ ಕಿಟಕಿಗಳಿಂದ ‘ಹೋ’ ಎಂದು ಕೇಳಿಬಿಡುತ್ತಿತ್ತು. ವರ್ಷಗಟ್ಟಲೆ ಕಾದದ್ದು ಗಲ್ಲಿಯವರ ಬಾಯಿಂದ ಮೊದಲೇ ತಿಳಿಯುವುದಕ್ಕಲ್ಲ. ಇಬ್ಬರೂ ಮತ್ತೆ ಕಿವಿ ಮುಚ್ಚಿಕೊಂಡೆವು. ಹೀಗಾಗಿ ಕೊನೆಯ ಚೆಂಡನ್ನು ನಾನು ನಿಶ್ಶಬ್ದದಲ್ಲಿ ನೋಡಿದೆ. ಮೂರು ರನ್ನು ಬೇಕಿತ್ತು. ಚೆಂಡು ಮೇಲೆದ್ದಿತು. ಫೀಲ್ಡರು ಹಿಂದೆ ಹಿಂದೆ ಸರಿದ, ಕೈ ಚಾಚಿದ. ಚೆಂಡು ಅವನ ಬೆರಳುಗಳ ಮೇಲಿಂದ ಹಗ್ಗದ ಆಚೆಗೆ ಇಳಿಯಿತು. ನೀಲಿ ಅಂಗಿಯವರು ಸದ್ದಿಲ್ಲದೆ ಓಡಿಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ದಸ್ತಗೀರ್ ಸಾಹೇಬರ ಗಡ್ಡದಿಂದ ಹಿಟ್ಟು ಉದುರುತ್ತಿತ್ತು, ನಗುತ್ತಿದ್ದರೆಂದು ತೋರುತ್ತದೆ. ನನ್ನ ಕನ್ನಡಕ ಮಸುಕಾಗಿತ್ತು. ಹಿಟ್ಟಿನಿಂದಲೇ ಇರಬೇಕು.

ಮನೆಗೆ ಬಂದರೆ ಸಾವಂತರು ಬಾಗಿಲಲ್ಲೇ ಕೈಮುಗಿದರು. ನಮ್ಮವರು, “ನೀನು ಹೋದದ್ದು ಒಳ್ಳೆಯದಾಯ್ತು ಮಾರಾಯ್ತಿ. ನೀನು ಮೆಟ್ಟಿಲು ಇಳಿದದ್ದೇ ಸಿಕ್ಸ್” ಎಂದರು. ನಾನು ನೋಡಿದೆನೆಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಇನ್ನೊಂದು ಪಂದ್ಯ ಉಳಿದಿತ್ತು.

ಆ ವಾರ ನಡೆದದ್ದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಸೋಮವಾರವೇ ಗಿರಣಿಗೆ ಹೊಸ ಬೆಲ್ಟು ಬಂದಿತೆಂದು ತಿಳಿದರೂ ನಾನು ಆ ಗೋಧಿಯನ್ನು ಬೀಸಿಸಲಿಲ್ಲ. ಅಂಗಡಿಯಿಂದ ಪ್ಯಾಕೆಟ್ಟಿನ ಹಿಟ್ಟು ತಂದೆ. ಚಪಾತಿ ರಬ್ಬರಿನ ಹಾಗಿದೆಯೆಂದು ನಮ್ಮವರು ಗೊಣಗಿದರು. ಬೀಸದ ಗೋಧಿ ಮಡಿಲಲ್ಲಿದ್ದಾಗ ಗೆದ್ದಿದ್ದೇವೆ. ಆದ್ದರಿಂದ ಅದೇ ಗೋಧಿ, ಅದೇ ಚೀಲ, ಅದೇ ಹಸಿರು ಸೀರೆ ಎಂದು ನಾನು, ಇಷ್ಟು ವರ್ಷ ಈ ಬಗೆಯ ತರ್ಕವನ್ನು ಖಂಡಿಸಿದ ನಾನು, ಒಳಗೊಳಗೇ ನಿಶ್ಚಯಿಸಿಬಿಟ್ಟಿದ್ದೆ. ಎರಡನೆಯ ಭಾನುವಾರ ಯಾರೂ ಹೇಳುವ ಮೊದಲೇ ಹೊರಟೆ. ದಾರಿಯುದ್ದಕ್ಕೂ ಒಂದೇ ಚಿಂತೆ: ದಸ್ತಗೀರ್ ಸಾಹೇಬರಿಗೆ ಇದನ್ನು ಯಾವ ಮುಖದಿಂದ ವಿವರಿಸಲಿ?

ವಿವರಿಸಬೇಕಾಗಲಿಲ್ಲ. ಗಿರಣಿಯ ಮುಂದೆ ಒಬ್ಬಾಕೆ ಡಬ್ಬಿ ಹಿಡಿದು ನಿಂತಿದ್ದಳು. ಬೆಲ್ಟ್ ಹರಿದಿದೆಯೆಂದು ಅವರು ಆಕೆಯನ್ನು ಹಿಂದಕ್ಕೆ ಕಳಿಸುತ್ತಿದ್ದರು. ಒಳಗೆ ಹೋಗಿ ನೋಡಿದರೆ ಹೊಸ ಬೆಲ್ಟು ಯಂತ್ರದಿಂದ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿತ್ತು. ಸ್ಟೂಲು ಅದೇ ಜಾಗದಲ್ಲಿತ್ತು. ತಕ್ಕಡಿಯ ಕಲ್ಲಿನ ಪಕ್ಕದಲ್ಲಿ ಫೋನು. ನಾವು ನಮ್ಮ ನಮ್ಮ ಸ್ಥಾನದಲ್ಲಿ ಕುಳಿತು ಕಿವಿ ಮುಚ್ಚಿಕೊಂಡೆವು.

ಈ ಸಲ ಬೌಲಿಂಗ್ ನಮ್ಮದು. ಕೊನೆಯ ಓವರಿನಲ್ಲಿ ಎದುರಾಳಿಗಳಿಗೆ ಹತ್ತು ಹನ್ನೆರಡು ರನ್ನು ಬೇಕಿತ್ತು; ಯಾರಾದರೂ ಗೆಲ್ಲಬಹುದಾದ ಸ್ಥಿತಿ. ನಮ್ಮ ಬೌಲರು ಗೆರೆಯನ್ನು ದಾಟಿದ. ಫ್ರೀಹಿಟ್ ಆಕಾಶಕ್ಕೆ ಹೋಯಿತು. ಅವನೂ ಆಕಾಶವನ್ನೇ ನೋಡಿದ. ಮುಂದಿನ ಚೆಂಡಿಗೆ ಮತ್ತೆ ದಾಟಿದ. ನಾನು ಕಿವಿಯಿಂದ ಕೈ ತೆಗೆದು, ಆ ಫೋನಿಗೆ, ಕಲಿಸುವ ದಿನಗಳಲ್ಲೂ ಆಡದಿದ್ದ ಕೆಲವು ಮಾತುಗಳನ್ನು ಆಡಿದೆ. ವ್ಯಾಕರಣಶುದ್ಧವಾಗಿದ್ದವೆಂಬುದಷ್ಟೇ ಅವುಗಳ ಗುಣ. ಪಂದ್ಯ ಮುಗಿಯಿತು, ಈ ವರ್ಷವೂ ಮುಗಿಯಿತು.

ದಸ್ತಗೀರ್ ಸಾಹೇಬರು ಫೋನನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಮಡಿಲಿನ ಚೀಲದ ಕಡೆ ನೋಡಿ ಮೆಲ್ಲಗೆ ಕೇಳಿದರು: “ಅಕ್ಕಾರ, ಗೋದಿ ಅದ ಅಲ್ರಿ? ಬ್ಯಾರೇದಲ್ಲಲ್ಲಾ?”

ಅದೇ ಎಂದೆ. ಹೇಳಿದ ಮೇಲೆ ನೆನಪಾಯಿತು. ಬೆಳಿಗ್ಗೆ, ಸುಮ್ಮನೆ ಕೂರಲಾರದೆ, ಅಭ್ಯಾಸಬಲದಿಂದ ಆ ಗೋಧಿಯನ್ನು ಮೊರಕ್ಕೆ ಸುರಿದು ಕಲ್ಲು ಆರಿಸಿದ್ದೆ. ತಪ್ಪು ಕಂಡಲ್ಲಿ ಕೈ ತಾನಾಗಿ ಹೋಗುತ್ತದೆ, ಏನು ಮಾಡಲಿ? ಮುಚ್ಚಿಡಲಾರದೆ ಹೇಳಿದೆ.

ಅವರು ತಮ್ಮ ಟೊಪ್ಪಿಗೆ ತೆಗೆದು ಹಿಟ್ಟು ಕೊಡವಿದರು. “ಎಂಥಾ ಕೆಲಸಾ ಮಾಡಿದ್ರಿ ಅಕ್ಕಾರ” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಗೋಡೆಯ ಬೆಲ್ಟನ್ನು ಇಳಿಸಿ ಯಂತ್ರಕ್ಕೆ ಹಾಕತೊಡಗಿದರು.

ಮನೆಯಲ್ಲಿ ನಮ್ಮವರು ನಾನು ಹೊರಟದ್ದು ಬೇಗನಾಯಿತೆಂದರು. ಸಾವಂತರು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾಳೆ ಬೆಂಗಳೂರಿನ ಫೋನು ಬರುತ್ತದೆಂದು ಶ್ರಾವ್ಯಾ ನೆನಪಿಸಿದಳು. ನನಗೆ ಅವರೊಡನೆ ವಾದಿಸಲು ವ್ಯವಧಾನವಿರಲಿಲ್ಲ. ಬೆಳಿಗ್ಗೆ ಆರಿಸಿದ ಕಲ್ಲುಗಳನ್ನು ನಾನು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಎಸೆದಿದ್ದೆ. ಕನ್ನಡಕ ಹಾಕಿಕೊಂಡು ಕುಂಡದ ಮುಂದೆ ಕುಳಿತು, ಮಣ್ಣನ್ನು ಬೆರಳಿನಿಂದ ಕೆದಕಿ, ಅವನ್ನು ಒಂದೊಂದಾಗಿ ಹೆಕ್ಕಿದೆ. ಒಂದೆರಡು ಕುಂಡದವೇ ಇರಬಹುದು, ಖಚಿತವಾಗಿ ಹೇಳಲಾರೆ. ತೊಳೆಯದೆ ಗೋಧಿಗೆ ಸೇರಿಸಿ, ಡಬ್ಬಿಗೆ ತುಂಬಿ, ಕಟ್ಟೆಯ ಕೆಳಗಿಟ್ಟೆ. ಬೇವಿನ ಎಲೆಗಳು ಆಮೇಲಿನವು. ಮುಂದಿನ ವರ್ಷ ಮೊದಲ ಭಾನುವಾರದ ಪಂದ್ಯಕ್ಕೆ ಹೊರಡುವಾಗ, ಅವನ್ನು ಮಾತ್ರ ಮರೆಯದೆ ತೆಗೆಯಬೇಕು.